ಫಿಟ್ ಎಂಬ ಮಾತೂ ನಮ್ಮ ಮಂಜಪ್ಪನೂ

ಮೊನ್ನೆ ಕೋಣಂದೂರಿನ ಒಂದು ಮದುವೆಯ ಊಟದಲ್ಲಿ ನಾನು ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದೆ. ನನ್ನನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಗಸಗಸೆ ಪಾಯಸದ ಪರಿಮಳ ಪಂಕ್ತಿಯ ಆಚೆ ತುದಿಯಿಂದ ಹೊರಟು ನನ್ನತ್ತಲೇ ಬರುತ್ತಿತ್ತು. ಬಡಿಸುವ ಹುಡುಗ ಸೌಟನ್ನು ಮುಳುಗಿಸಿ ತುಂಬಿಕೊಡುವ ಉದಾರಿ ಎಂಬುದನ್ನೂ ನಾನು ಆಗಲೇ ಗಮನಿಸಿದ್ದೆ. ಆದರೂ ಎದ್ದೆ. ಎಬ್ಬಿಸಿದ್ದು ಇಂಗ್ಲಿಷಿನ ಒಂದು ಪುಟ್ಟ ಗುಣವಾಚಕ.

ನನ್ನ ಎಡಕ್ಕೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಕೂತಿದ್ದರು. ಸಾರು ಅನ್ನ ಮುಗಿಯುವ ಹೊತ್ತಿಗೆ ಅವರು ಎದುರು ಪಂಕ್ತಿಯ ಹುಡುಗರಿಗೆ ಒಂದು ಕಥೆ ಹೇಳತೊಡಗಿದರು.

“ಶರಾವತಿಗೆ ಅಣೆಕಟ್ಟೆ ಕಟ್ಟೋ ಕಾಲದಲ್ಲಿ ನಿಟ್ಟೂರು ಕಡೆಯ ಒಬ್ಬ ಮಂಜಪ್ಪ ಅಲ್ಲಿಗೆ ಕೆಲಸ ಕೇಳ್ಕೊಂಡು ಹೋದ್ನಂತೆ. ಡಾಕ್ಟರು ಎದೆ ಬಡಿದು ನೋಡಿ ‘ಫಿಟ್’ ಅಂದ್ರಂತೆ. ಇವ್ನು ಅದನ್ನ ಫಿಟ್ಸ್ ಅಂತ ತಿಳ್ಕೊಂಡು, ಅಯ್ಯೋ ನಂಗೆ ಮೂರ್ಛೆರೋಗ ಇದ್ಯಂತಲ್ಲ ಅಂತ ಅಂಗಿ ಅಲ್ಲೇ ಬಿಟ್ಟು ಓಡಿದವ, ಊರು ಮುಟ್ಟೋವರೆಗೂ ತಿರುಗಿ ನೋಡ್ಲಿಲ್ಲ.”

ಹುಡುಗರು ನಕ್ಕರು. ನಾನು, “ಸುಳ್ಳು” ಎಂದೆ.

“ಎಂತ ಸುಳ್ಳು ತಿಮ್ಮಪ್ಪನೋರೆ? ಇಡೀ ಸಾಗರಕ್ಕೆ ಗೊತ್ತಿರೋ ಕಥೆ ಇದು.”

“ಇಡೀ ಸಾಗರ ಅಲ್ಲಿರಲಿಲ್ಲ. ನಾನಿದ್ದೆ.”

“ಹಾಗಾದ್ರೆ ನೀವೇ ಹೇಳಿ. ಕೆಲಸ ಸಿಕ್ಕಿದ ಮನುಷ್ಯ ಅದನ್ನ ಬಿಟ್ಟು ಯಾಕೆ ಹೋದ?”

ಉತ್ತರ ನನ್ನಲ್ಲಿತ್ತು. ಆದರೆ ಅದನ್ನು ಹೇಳುವುದಿಲ್ಲವೆಂದು ಅರವತ್ತರ ದಶಕದಲ್ಲಿಯೇ ಮಂಜಪ್ಪನಿಗೆ ಮಾತು ಕೊಟ್ಟಿದ್ದೆ. ಉತ್ತರವಿದ್ದೂ ಬಾಯಿ ಮುಚ್ಚಿಕೊಂಡಿರಬೇಕಾದವನಿಗೆ ಉಳಿದ ದಾರಿ ಒಂದೇ. ನಾನು ಎಲೆ ಮಡಿಸಿ ಎದ್ದೆ. ಬೆನ್ನ ಹಿಂದೆ ಯಾರೋ, “ಪಾಪ, ಅಜ್ಜನಿಗೂ ಸ್ವಲ್ಪ ಫಿಟ್ಸ್ ಇರ್ಬೇಕು” ಎಂದರು. ಪಂಕ್ತಿ ಮತ್ತೆ ನಕ್ಕಿತು.

ಮಂಜಪ್ಪ ತೀರಿಕೊಂಡು ಬಹಳ ಕಾಲವಾಯಿತು. ಕಥೆ ಮಾತ್ರ ಸಾಯುವ ಲಕ್ಷಣ ಕಾಣುತ್ತಿಲ್ಲ. ಅವನು ದಡ್ಡನಾಗಿರಲಿಲ್ಲ, ಆ ಮಾತಿನ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ದಾಖಲಿಸಲು ನಾನು ಇದನ್ನು ಬರೆಯುತ್ತಿದ್ದೇನೆ. ಕೊಟ್ಟ ಮಾತನ್ನು ಈಗೇಕೆ ಮುರಿಯುತ್ತಿದ್ದೇನೆಂಬುದನ್ನೂ ಹೇಳುತ್ತೇನೆ; ತುಸು ತಾಳ್ಮೆ ಇರಲಿ.

ಎಲ್ಲರೂ ಹೇಳುತ್ತಾರೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಕವಲೇದುರ್ಗದ ಕೋಟೆಯೊಳಗಿನ ಒಂದು ಗವಿ ನಗರದವರೆಗೂ ಹೋಗುವ ಸುರಂಗವೆಂದು ನನ್ನ ಹರೆಯದಲ್ಲಿ ಜನ ಆಣೆ ಹಾಕಿ ಹೇಳುತ್ತಿದ್ದರು. ನಾನು ಲಾಟೀನು ಹಿಡಿದು ಹೊಕ್ಕೆ. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಬಂಡೆ; ಬಂಡೆಯ ತುಂಬ ಬಾವಲಿ. ತಲೆಯ ಮೇಲೆ ಬಾವಲಿಗಳ ಆಶೀರ್ವಾದ ಹೊತ್ತು ಹೊರಗೆ ಬಂದು ಇದ್ದದ್ದನ್ನು ಇದ್ದಂತೆ ವರದಿ ಮಾಡಿದರೆ, ಯಾರಿಗೂ ಸಂತೋಷವಾಗಲಿಲ್ಲ. “ನೀ ಬ್ಯಾರೆ ಗವಿ ಹೊಕ್ಕಿದ್ದೀಯ” ಎಂದರು. ಸುಳ್ಳಿಗೆ ನೆಂಟರು ಎಷ್ಟು ಮಂದಿ ಎಂಬುದು ನನಗೆ ಅಂದೇ ತಿಳಿಯಿತು.

ಇನ್ನು ಆ ಗುಣವಾಚಕದ ವಿಚಾರ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಾನು ಇಂಗ್ಲಿಷ್ ಕಲಿತದ್ದು ಸಾಗರದ ರದ್ದಿ ಅಂಗಡಿಯಲ್ಲಿ ಸಿಕ್ಕಿದ ಒಂದು ನಿಘಂಟಿನಿಂದ. ಅದರ ಮೊದಲ ಐದು ಅಕ್ಷರಗಳನ್ನು ವರಲೆ, ಅಂದರೆ ಗೆದ್ದಲು, ತಿಂದು ಮುಗಿಸಿತ್ತು. ಹೀಗಾಗಿ ನನ್ನ ಇಂಗ್ಲಿಷ್ ಎಫ್ ಅಕ್ಷರದಿಂದ ಹೊರಡುತ್ತದೆ. ಆಪಲ್, ಬುಕ್, ಕ್ಯಾಟ್, ಡಾಗ್ ಎಂದು ಅಂಗನವಾಡಿಯ ಕೂಸುಗಳು ಹಾಡುವ ಮಾತುಗಳು ನನಗೆ ಬಹಳ ವರ್ಷ ಅಪರಿಚಿತವಾಗಿಯೇ ಉಳಿದಿದ್ದವು. ಅದೇ ವೇಳೆಗೆ ನಾನು ಜ್ಯೂರಿಸ್‌ಡಿಕ್ಷನ್, ಮೆಟಫಿಸಿಕ್ಸ್ ಮುಂತಾದವನ್ನು ಬಾಯಿಪಾಠ ಮಾಡಿ, ಉಪಯೋಗಿಸಲು ಜನ ಸಿಗದೆ, ಎತ್ತುಗಳೊಂದಿಗೆ ಆಡುತ್ತಿದ್ದೆ. ಫಿಟ್ ಎಂಬ ಮಾತು ನಿಘಂಟಿನ ಆರಂಭದ ಪುಟಗಳಲ್ಲಿಯೇ ಇದ್ದುದರಿಂದ, ಅದು ನಾನು ಕಲಿತ ಮೊದಲ ಮಾತುಗಳಲ್ಲಿ ಒಂದು. ತಕ್ಕ, ಯೋಗ್ಯ, ಸಿದ್ಧವಾದ, ಆರೋಗ್ಯವುಳ್ಳ ಎಂದು ಅದರ ಅರ್ಥಗಳನ್ನು ಕೊಟ್ಟಿತ್ತು. ಮೂರ್ಛೆ ಎಂಬ ಅರ್ಥದ ಫಿಟ್ ಬೇರೆಯದೇ ಒಂದು ನಾಮಪದವೆಂದು ಪ್ರತ್ಯೇಕ ಸಾಲಿನಲ್ಲಿ ಕೂರಿಸಿತ್ತು. ಎರಡೂ ಒಂದೇ ಕೇರಿಯ ಬೇರೆ ಬೇರೆ ಮನೆಗಳು.

ನಮ್ಮ ಜನ ಈ ಮನೆಗಳ ನಡುವಿನ ಗೋಡೆ ಒಡೆದು ಒಂದೇ ಛತ್ರ ಮಾಡಿಬಿಟ್ಟಿದ್ದಾರೆ. ದರ್ಜಿ ಅಂಗಿ ಫಿಟ್ ಎನ್ನುತ್ತಾನೆ. ಅದನ್ನು ತೊಟ್ಟವನಿಗೆ ಉಸಿರಾಡಲು ಆಗುವುದಿಲ್ಲ. ಬಸ್ಸು ಫಿಟ್ ಎಂಬ ಕಾಗದ ಗಾಜಿನ ಮೇಲಿರುತ್ತದೆ. ಬಸ್ಸು ಹುಲಿಕಲ್ಲು ಘಾಟಿಯ ತಿರುವಿನಲ್ಲಿ ಕೆಟ್ಟು ನಿಂತಿರುತ್ತದೆ. ಬಲ್ಬನ್ನು ಫಿಟ್ ಮಾಡುತ್ತಾರೆ. ಇಬ್ಬರ ನಡುವೆ ಜಗಳ ಹಚ್ಚುವವನು ಫಿಟ್ಟಿಂಗ್ ಇಡುತ್ತಾನೆ. ಸಂಜೆ ಹೆಂಡದಂಗಡಿಯಿಂದ ಗೋಡೆ ಹಿಡಿದು ಬರುವವನನ್ನು “ಇವತ್ತು ಫುಲ್ ಫಿಟ್” ಎನ್ನುತ್ತಾರೆ. ನಿಲ್ಲಲಾರದವನು ಫಿಟ್ ಆಗುವುದು ಯಾವ ನ್ಯಾಯ ಎಂದು ನಾನು ಕೇಳಿದರೆ ನನ್ನನ್ನು ಹಠಮಾರಿ ಎನ್ನುತ್ತಾರೆ. ಹಠಮಾರಿ ಎಂಬುದಕ್ಕೆ ಒಂದೇ ಅರ್ಥವಿರುವುದರಿಂದ ಅದನ್ನು ಒಪ್ಪಿಕೊಳ್ಳುತ್ತೇನೆ.

ಮಂಜಪ್ಪನ ಗದ್ದೆ ನಮ್ಮ ಗದ್ದೆಯ ಬದುವಿಗೆ ತಾಗಿತ್ತು. ಇಬ್ಬರ ಮನೆಯವರೂ ಗೇಣಿ ರೈತರು. ಅವನಿಗೆ ತಂದೆ ಇರಲಿಲ್ಲ. ಮನೆಯಲ್ಲಿ ತಾಯಿ ಮತ್ತು ಹೊಸದಾಗಿ ಬಂದ ಹೆಂಡತಿ ಗೌರಿ. ಅಣೆಕಟ್ಟೆ ಮುಗಿದರೆ ನಮ್ಮ ಹಳ್ಳಿ ಮುಳುಗುವುದೆಂದು ಅಳತೆಯವರು ಬಂದು ಕಲ್ಲು ನೆಟ್ಟು ಹೋಗಿದ್ದರು. ಮುಂದೆ ಎಲ್ಲಿ, ಹೇಗೆ ಎಂಬುದು ಯಾರಿಗೂ ತಿಳಿಯದು. ಆಗ ನಮ್ಮಿಬ್ಬರಿಗೂ ಹೊಳೆದ ಉಪಾಯವೆಂದರೆ ಆ ಅಣೆಕಟ್ಟೆಯ ಕೆಲಸಕ್ಕೇ ಸೇರಿಕೊಳ್ಳುವುದು. ಗದ್ದೆಯನ್ನು ಮುಳುಗಿಸುವ ಗೋಡೆಗೆ ನಾವೇ ಮಣ್ಣು ಹೊರುವುದು ವಿಚಿತ್ರವೆಂದು ಈಗ ತೋರುತ್ತದೆ. ಆಗ ಅದು ಕಾಯಂ ಕೆಲಸವೆಂದು ತೋರಿತು.

ಹೋಗುವ ದಾರಿಯುದ್ದಕ್ಕೂ ನಾನು ಅವನಿಗೆ ಪಾಠ ಹೇಳಿದೆ. ಇದನ್ನು ಹೆಡ್‌ಮಾಸ್ತರರು ಗಮನವಿಟ್ಟು ಓದಬೇಕು.

“ಡಾಕ್ಟ್ರು ನೋಡಿ ಒಂದು ಮಾತು ಹೇಳ್ತಾರೆ ಮಂಜಣ್ಣ. ಫಿಟ್ ಅಂದ್ರೆ ಮೈ ಗಟ್ಟಿ ಐತೆ, ಕೆಲ್ಸಕ್ಕೆ ತಕ್ಕೋನು ಅಂತ. ಅನ್‌ಫಿಟ್ ಅಂದ್ರೆ ಮನೆಗೆ ಹೋಗು ಅಂತ.”

“ಹಂಗಾರೆ ಗಿಡ್ಡ ಮಾತು ಒಳ್ಳೇದು, ಉದ್ದದ್ದು ಕೆಟ್ಟದ್ದು” ಎಂದ ಮಂಜಪ್ಪ. ಇದಕ್ಕಿಂತ ಸರಿಯಾಗಿ ಈ ಎರಡು ಮಾತುಗಳನ್ನು ಯಾವ ಮಾಸ್ತರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ತಗಡಿನ ಷೆಡ್ಡಿನಲ್ಲಿ ಪರೀಕ್ಷೆ. ಸಾಲಿನಲ್ಲಿ ನಾನು ಮುಂದೆ, ಅವನು ಹಿಂದೆ. ಡಾಕ್ಟರು ನನ್ನ ಎದೆಗೆ ಟೇಪು ಸುತ್ತಿ, ಉಸಿರು ಎಳೆಯಲು ಹೇಳಿ, ಎಳೆದ ಮೇಲೂ ಅದು ಇದ್ದಷ್ಟೇ ಇದ್ದುದನ್ನು ಕಂಡು ಉದ್ದದ ಮಾತನ್ನು ಹೇಳಿದರು. ಮಂಜಪ್ಪನ ಎದೆ ನೋಡಿದವರೇ ಗಿಡ್ಡದ್ದನ್ನು ಹೇಳಿದರು. ಅವನು ನನ್ನ ಪಕ್ಕೆ ತಿವಿದು, “ನಿಂಗೆ ಉದ್ದದ್ದು ಬಂತಲ್ಲೋ ತಿಮ್ಮ” ಎಂದು ನಕ್ಕ. ಅರ್ಥ ಗೊತ್ತಿಲ್ಲದವನು ಹೀಗೆ ನಗುತ್ತಾನೆಯೇ?

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಗುಮಾಸ್ತ ಹೆಸರು ಬರೆದುಕೊಂಡು, “ನಾಳೆ ಬೆಳಿಗ್ಗೆ ಗುದ್ದಲಿ ಹಿಡ್ದು ಹಾಜರಾಗ್ಬೇಕು. ನಾಳೆ ಬರದಿದ್ರೆ ಹೆಸರು ಹೊಡೆದು ಹಾಕ್ತೀವಿ” ಎಂದ. ಮಂಜಪ್ಪನ ಮುಖ ಬಾಡಿತು. ಮರುದಿನ ಭೂಮಿ ಹುಣ್ಣಿಮೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ತೆನೆ ಹೊರಬರುವ ಮೊದಲು ಭತ್ತ ಹೊಡೆ ತುಂಬಿ ನಿಲ್ಲುವ ಆ ಕಾಲದಲ್ಲಿ ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಹಾಕುವ ದಿನ ಅದು. ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಸೊಪ್ಪು, ಕಾಯಿ, ಕಡುಬು ತುಂಬಿ ಕೊಡುತ್ತಾರೆ. ಬೆಳಕು ಹರಿಯುವಾಗ ಆಯಾ ಗದ್ದೆಯನ್ನು ಉತ್ತ ಕೈಯೇ ಅದಕ್ಕೆ ಉಣಿಸಬೇಕು. ಎಲೆಯಲ್ಲಿ ಕಟ್ಟಿದ ಒಂದು ಕಡುಬನ್ನು ಗದ್ದೆಯಲ್ಲಿ ಹುಗಿದು, ಕೊಯ್ಲಿನ ದಿನ ತೆಗೆಯಬೇಕು. ಅಂದು ನೆಲಕ್ಕೆ ಕಬ್ಬಿಣ ತಾಗಿಸುವಂತಿಲ್ಲ. ಬಸುರಿಯ ಹೊಟ್ಟೆಗೆ ಯಾರಾದರೂ ಗುದ್ದಲಿ ಹಾಕುತ್ತಾರೆಯೇ? ಮಂಜಪ್ಪನ ಗದ್ದೆಯನ್ನು ಉತ್ತವನು ಅವನೊಬ್ಬನೇ.

“ಒಂದು ದಿನ ಬಿಡುವು ಕೇಳೋ. ನಿಂಗೆ ಇಂಗ್ಲೀಷ್ ಬತ್ತದಲ್ಲ” ಎಂದ.

ಅಲ್ಲಿಯ ಅಧಿಕಾರಿ ಎಲ್ಲಿಯವರೋ, ಕನ್ನಡ ಬಾರದವರು. ನಾನು ಅವರ ಮೇಜಿನ ಮುಂದೆ ನಿಂತೆ. ನೀವು ನನ್ನ ಕಷ್ಟವನ್ನು ಊಹಿಸಬೇಕು. ಭೂಮಿ ಎಂಬುದು ಇ ಅಕ್ಷರದಲ್ಲಿ, ದಿನ ಎಂಬುದು ಡಿ ಅಕ್ಷರದಲ್ಲಿ, ಕೇಳು ಎಂಬುದು ಎ ಅಕ್ಷರದಲ್ಲಿ, ಎಲ್ಲವೂ ವರಲೆಯ ಹೊಟ್ಟೆಯಲ್ಲಿ. ಉಳಿದದ್ದರಿಂದ ಕಟ್ಟಿದೆ:

“ಸರ್, ಟುಮಾರೊ ಮದರ್ ಪ್ರೆಗ್ನೆಂಟ್. ಹಿ ಗೋ. ರೈಸ್ ಗಿವ್.”

ನಾಳೆ ತಾಯಿ ಬಸುರಿ, ಇವನು ಹೋಗಿ ಅನ್ನ ಕೊಡಬೇಕು ಎಂದು ಹೇಳಿದ ಹಾಗಾಯಿತು. ಅಧಿಕಾರಿ ಮಂಜಪ್ಪನ ಮೀಸೆಯನ್ನೂ ಅವನ ವಯಸ್ಸನ್ನೂ ನೋಡಿ, ಯಾರ ತಾಯಿ ಎಂದು ಕೇಳಿದರು.

“ಹೋಲ್ ವಿಲೇಜ್ ಮದರ್, ಸರ್” ಎಂದೆ.

ಇಡೀ ಹಳ್ಳಿಯ ತಾಯಿಯೇ? ಆಕೆಯ ವಯಸ್ಸೆಷ್ಟು ಎಂದರು.

“ವೆರಿ ಓಲ್ಡ್, ಸರ್. ನೋಬಡಿ ನೋ.”

ಅವರು ನಕ್ಕರು. ಗುಮಾಸ್ತನೂ ನಕ್ಕ. ಬಳಿಕ ಗುಮಾಸ್ತ ನಮ್ಮಿಂದ ಕನ್ನಡದಲ್ಲಿ ಎಲ್ಲವನ್ನೂ ಕೇಳಿ ಇಂಗ್ಲಿಷಿನಲ್ಲಿ ತಿಳಿಸಿದ ಮೇಲೆ ಅಧಿಕಾರಿ, ಹಬ್ಬಕ್ಕೆ ರಜೆ ಕೊಡುತ್ತ ಹೋದರೆ ಕೆಲಸ ನಡೆಯುವುದಿಲ್ಲ, ನಾಳೆ ಬಂದರೆ ಬರಲಿ, ಇಲ್ಲವಾದರೆ ಬೇಡ ಎಂದರು. ಸಾಲಿನಲ್ಲಿ ನೂರಾರು ಜನ ನಿಂತಿದ್ದರು. ಅವರ ಮಾತೂ ಅವರಿಗೆ ಸರಿಯೇ. ಆದರೆ ಆ ನಗು ಇದೆಯಲ್ಲ, ಅದು ಮಂಜಪ್ಪನ ಕಣ್ಣಿಗೆ ಬಿದ್ದಿತ್ತು. ಅವನು ಅಂಗಿ ತೊಟ್ಟುಕೊಂಡ. ಗುಂಡಿ ಕೂಡ ಹಾಕಿಕೊಂಡ. ಅಂಗಿ ಬಿಟ್ಟು ಓಡಿದ ಎಂಬುದು ಕಥೆಗೆ ಯಾರೋ ನಂತರ ತೊಡಿಸಿದ ಅಂಗಿ.

“ಮುಂದಿನ ವರ್ಷ ಆ ಗದ್ದೆನೇ ಇರಲ್ಲ ಮಂಜಣ್ಣ” ಎಂದೆ ದಾರಿಯಲ್ಲಿ. “ನೀರಡಿಗೆ ಹೋಗೋ ಗದ್ದೆಗೆ ಉಣ್ಸಿ ಏನು ಬಂತು?”

“ನಿನ್ನ ಅವ್ವ ನಾಳೆ ಸಾಯ್ತಾಳೆ ಅಂದ್ರೆ ಇವತ್ತು ಗಂಜಿ ಕೊಡಲ್ವೇನೋ?” ಎಂದ.

ಮರುದಿನ ಬೆಳಗಾಗುತ್ತ ಅವನು ಬುಟ್ಟಿ ಹೊತ್ತು ಗದ್ದೆಗೆ ಇಳಿದದ್ದನ್ನು ನಾನು ನಮ್ಮ ಬದುವಿನಲ್ಲಿ ನಿಂತು ನೋಡಿದೆ. ಗೌರಿ ದೀಪ ಹಿಡಿದಿದ್ದಳು. ಆ ವರ್ಷ ಪೈರು ಎಂದಿಗಿಂತ ಚೆನ್ನಾಗಿತ್ತು. ಇದಿಷ್ಟು ನಡೆದ ಸಂಗತಿ.

ಹೀಗಿರುವಾಗ, ಕೊಯ್ಲಿನ ಹೊತ್ತಿಗೆ ಕತ್ತಿ ಕೊಳ್ಳಲು ಸಾಗರಕ್ಕೆ ಹೋದವನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ ಆ ಫಿಟ್ಸ್ ಕಥೆಯನ್ನು ಮೊದಲ ಬಾರಿಗೆ ಕೇಳಿದೆ. ಹೇಳುತ್ತಿದ್ದವನು ಅದೇ ಗುಮಾಸ್ತ. ಎಲ್ಲವನ್ನೂ ಕಣ್ಣಾರೆ ಕಂಡವನೇ ಹೀಗೆ ಹೇಳುವುದೇ? ನಾನು ಚಾ ಅರ್ಧಕ್ಕೇ ಬಿಟ್ಟು ಎದ್ದೆ. (ತಿನ್ನುವ ಕುಡಿಯುವ ವಸ್ತುಗಳನ್ನು ಅರ್ಧಕ್ಕೆ ಬಿಟ್ಟು ಏಳುವ ನನ್ನ ಪದ್ಧತಿ ಅಂದಿನಿಂದ ಇದೆ.) ಊರಿಗೆ ಬಂದವನೇ ನೆಟ್ಟಗೆ ಮಂಜಪ್ಪನ ಗದ್ದೆಗೆ ಹೋದೆ.

“ಆ ಗುಮಾಸ್ತನ ಹಲ್ಲು ಉದುರಿಸ್ತೀನಿ. ನೀನೂ ಬಾ” ಎಂದೆ.

ಮಂಜಪ್ಪ ಕೊಯ್ದ ಪೈರನ್ನು ಸೂಡಿ ಕಟ್ಟುತ್ತಿದ್ದವನು ತಲೆಯೆತ್ತಲಿಲ್ಲ. “ಅವಂದೇನು ತಪ್ಪಿಲ್ಲ ಕಣೋ. ಅದ್ನ ನಾನೇ ಹೇಳಿದ್ದು.”

“ಎಂತ?”

“ಅವ್ನು ನಿಟ್ಟೂರಿನ ಸಂತೆಗೆ ಬಂದಿದ್ದ. ಹತ್ತು ಜನರ ಎದುರು ಕೂಗ್ದ. ಏನಯ್ಯ, ನಿಮ್ಮ ಹಳ್ಳಿಯ ಮುದುಕಿಗೆ ಹೆರಿಗೆ ಆಯ್ತಾ, ಗಂಡೋ ಹೆಣ್ಣೋ ಅಂತ. ಎಲ್ರೂ ನಗಕ್ಕೆ ಬಾಯಿ ತೆಗ್ದಿದ್ರು. ನಾನು ಅಂದೆ, ಅದೆಲ್ಲ ಸುಳ್ಳು ಸ್ವಾಮಿ, ತಿಮ್ಮ ಕಟ್ಟಿದ್ದು. ನಂಗೆ ಫಿಟ್ಸ್ ಐತೆ ಅಂದ್ರಲ್ಲ ಡಾಕ್ಟ್ರು, ಅದಕ್ಕೆ ಹೆದ್ರಿ ಓಡ್ಬಂದೆ ಅಂತ. ಹೊಟ್ಟೆ ಹಿಡ್ಕೊಂಡು ನಕ್ರು. ಮತ್ತೆ ಮುದುಕಿ ಸುದ್ದಿ ಎತ್ತಲಿಲ್ಲ.”

“ನಿಂಗೆ ತಲೆ ಸರಿ ಐತಾ? ಜೀವಮಾನ ಇರೋವರೆಗೂ ನಗ್ತಾರೆ ನಿನ್ನ ನೋಡಿ.”

“ನನ್ನ ನೋಡಿ ನಗ್ಲಿ. ಅವಳ ಮ್ಯಾಲೆ ನಗಬಾರ್ದು.” ಅವನು ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿ ತೋರಿಸಿದ. “ನೀನೂ ಬಾಯಿ ಬಿಡಬ್ಯಾಡ. ಮಾತು ಕೊಡು.”

ಕೊಟ್ಟೆ. ಅವನ ಗದ್ದೆಯ ಕೊಯ್ಲು ಮುಗಿದಿದ್ದರೂ ಹುಗಿದ ಕಡುಬನ್ನು ಅವನು ತೆಗೆದಿರಲಿಲ್ಲ. ನೆನಪು ಮಾಡಿದೆ.

“ಇರ್ಲಿ ಬಿಡು. ಹೋಗೋಳಿಗೆ ಬುತ್ತಿ ಬ್ಯಾಡ್ವೇನೋ” ಎಂದ.

ಮುಂದಿನ ಮಳೆಗಾಲದಲ್ಲಿ ನೀರು ಬಂತು. ನಾವು ಕೋಣಂದೂರಿನ ಕಡೆಗೆ ಬಂದೆವು. ಕಾಲಕ್ರಮದಲ್ಲಿ ಹೊಸ ಗದ್ದೆ, ಹೊಸ ಬದು. ಕಥೆ ನಮಗಿಂತ ಮೊದಲೇ ಬಂದು ಅಲ್ಲಿ ಕಾಯುತ್ತಿತ್ತು. ಫಿಟ್ಸ್ ಮಂಜಪ್ಪ ಎಂದೇ ಅವನಿಗೆ ಹೆಸರಾಯಿತು. ಅವನು ಆ ಹೆಸರಿಗೆ ಓಗೊಡುತ್ತಿದ್ದ. ನಾನು ಮಾತ್ರ ಕೇಳಿದಾಗಲೆಲ್ಲ ಕುದಿದು, ಮಾತು ಕೊಟ್ಟ ತಪ್ಪಿಗೆ ಬಾಯಿ ಮುಚ್ಚಿಕೊಂಡು, ಏನನ್ನಾದರೂ ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ. ಊರಿನವರು ನನ್ನನ್ನು ಅರೆಹೊಟ್ಟೆ ತಿಮ್ಮಪ್ಪ ಎಂದು ಕರೆದರೆ ಆಶ್ಚರ್ಯವಿಲ್ಲ.

ಮೊನ್ನೆ ಮದುವೆ ಮನೆಯಿಂದ ಹೊರಬಿದ್ದವನು ಬಸ್ಸಿಗೆ ಕಾಯುವ ಬದಲು ಸಾವಿತ್ರಿಯ ಅಂಗಡಿಗೆ ಹೋಗಿ ಕೂತೆ. ಸಾವಿತ್ರಿ ಮಂಜಪ್ಪನ ಮೊಮ್ಮಗಳು. ಕೋಣಂದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹಿಂದಿನ ತಿಂಗಳು ತೀರ್ಥಹಳ್ಳಿಯಿಂದ ಅವಳನ್ನು ನೋಡಲು ಬಂದ ಗಂಡಿನವರು ಮೆಚ್ಚಿ ಹೋಗಿದ್ದರು; ಲಗ್ನ ಯಾವಾಗ ಎಂದು ಕೇಳಿದೆ.

“ಅದು ಮುರಿದು ಹೋಯ್ತಲ್ಲ ಅಜ್ಜ” ಎಂದಳು, ಹೊಲಿಗೆ ನಿಲ್ಲಿಸದೆ. “ಹುಡುಗಿಯ ಮನೆತನದಲ್ಲಿ ಮೂರ್ಛೆರೋಗ ಇದೆಯಂತೆ, ಅವಳ ಅಜ್ಜನಿಗೆ ಫಿಟ್ಸ್ ಅಂತಲೇ ಹೆಸರಿತ್ತಂತೆ ಅಂತ ಯಾರೋ ಹೇಳಿದ್ರಂತೆ.”

ಮೂರ್ಛೆರೋಗವಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅದಕ್ಕೆ ಔಷಧವಿದೆ. ಬಾಯಿಂದ ಬಾಯಿಗೆ ಹೋಗುವ ಕಥೆಗೆ ಔಷಧವಿಲ್ಲ. ಹಾಸ್ಯವಾಗಿ ಹೊರಟದ್ದು ಅಡ್ಡಹೆಸರಾಗಿ, ಅಡ್ಡಹೆಸರು ಮನೆತನದ ರೋಗವಾಗಿ, ಈಗ ಈ ಹುಡುಗಿಯ ಅಂಗಡಿಯ ಮೆಟ್ಟಿಲು ಹತ್ತಿ ಕೂತಿದೆ. ಮಂಜಪ್ಪ ನಗುವನ್ನು ತನ್ನ ಮೈಮೇಲೆ ಎಳೆದುಕೊಂಡ, ಸರಿ. ಮೊಮ್ಮಗಳ ಮೈಮೇಲೆ ಎಳೆಯಲು ಅವನು ಒಪ್ಪುತ್ತಿರಲಿಲ್ಲ. ಇದ್ದರೆ ಅವನೇ ನನ್ನ ಮಾತನ್ನು ನನಗೆ ಹಿಂದಿರುಗಿಸುತ್ತಿದ್ದ. ಅವನಿಲ್ಲದ್ದರಿಂದ ನಾನೇ ತೆಗೆದುಕೊಂಡೆ.

ಅವಳಿಗೆ ಎಲ್ಲವನ್ನೂ ಹೇಳಿದೆ. ಡಾಕ್ಟರ ಗಿಡ್ಡ ಮಾತು, ನನ್ನ ಉದ್ದ ಮಾತು, ಹುಣ್ಣಿಮೆ, ಗುಮಾಸ್ತ, ಸಂತೆ, ನೆಲದಲ್ಲಿ ಬಿಟ್ಟ ಬುತ್ತಿ. ಹೊಲಿಗೆಯಂತ್ರ ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ.

“ಇದನ್ನ ಬರೀತೀನಿ. ತೀರ್ಥಹಳ್ಳಿಯವರೂ ಓದ್ಲಿ, ಆ ಹೆಡ್‌ಮಾಸ್ತರೂ ಓದ್ಲಿ” ಎಂದೆ.

“ಆ ಗಂಡಿನವರು ಓದಿ ತಿರುಗಿ ಬಂದ್ರೂ ನಂಗೆ ಬೇಡ ಅಜ್ಜ. ಕೇಳಿದ್ದನ್ನ ಕೇಳಿದ ಹಾಗೇ ನಂಬೋ ಮನೆ” ಎಂದಳು. ನನ್ನ ರಕ್ತ ಸಂಬಂಧವಿಲ್ಲದಿದ್ದರೂ ಹುಡುಗಿ ನನ್ನನ್ನೇ ಹೋಲುತ್ತಾಳೆ. “ಆದ್ರೆ ಬರೀರಿ. ನಮ್ಮಜ್ಜನ ಹೆಸರು ಸರಿ ಆಗ್ಲಿ.” ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟು, ಸ್ವಲ್ಪ ಯೋಚಿಸಿ, ಮತ್ತೆ ಕೇಳಿದಳು. “ಒಂದು ಮಾತು. ಬರೆದ ಮೇಲೆ ಜನ ಆ ಹುಣ್ಣಿಮೆ ನೋಡಿ ನಗ್ತಾರಲ್ಲ? ಮುಳುಗೋ ಗದ್ದೆಗೆ ಊಟ ಹಾಕಿದ್ನಂತೆ ಅಂತ. ಅಜ್ಜ ಹೆದರಿದ್ದು ಅದಕ್ಕೇ ಅಲ್ವಾ?”

“ನಗ್ಲಿ ಮಾರಾಯ್ತಿ” ಎಂದೆ. “ಎಲೆ ಬಿಟ್ಟು ಏಳೋದಕ್ಕೆ ನಾನಿನ್ನೂ ಫಿಟ್ ಇದೀನಿ.”